ಎಲ್ಲರೂ ನೋಡುವುದು ಬಾಯಿಯನ್ನೇ

ಓದುಗರ ಪ್ರಶ್ನೆ, ವಾಕ್ ತಜ್ಞೆಯ ಉತ್ತರ

ಮಕ್ಕಳ ಮಾತಿನ ತೊಂದರೆಗಳ ಬಗ್ಗೆ ಬರೆದು ಕಳುಹಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೇ ತಡ, ಮೇಜಿನ ಮೇಲೆ ಪತ್ರಗಳ ರಾಶಿ ಬಿದ್ದಿದೆ. ಮೂವತ್ತೊಂದು ವರ್ಷ ಜಿಲ್ಲಾ ಆಸ್ಪತ್ರೆಯೊಂದರ ಮೂಲೆ ಕೋಣೆಯಲ್ಲಿ ಕುಳಿತು ಕಂಡದ್ದನ್ನೇ ಈ ಪತ್ರಗಳಲ್ಲೂ ಕಂಡೆ. ಮಗುವಿಗೆ ಮಾತು ಬರದಿದ್ದರೆ ಮನೆಮಂದಿಯೆಲ್ಲ ಅದರ ಬಾಯಿಯನ್ನೇ ನೋಡುತ್ತಾರೆ. ನಾಲಿಗೆಗೆ ಬಜೆ ತೇಯ್ದು ಹಚ್ಚುತ್ತಾರೆ, ದೇವಸ್ಥಾನದ ಗಂಟೆಯ ಕೆಳಗೆ ನಿಲ್ಲಿಸುತ್ತಾರೆ, ನಾಲಿಗೆಯ ಕೆಳಗಿನ ಪೊರೆ ಕತ್ತರಿಸಬೇಕೇ ಎಂದು ಕೇಳುತ್ತಾರೆ. ಕಿವಿ ಪರೀಕ್ಷೆ ಮಾಡಿಸಿದ್ದೇವೆ ಎಂದು ಬರೆದವರು ಇಷ್ಟು ಪತ್ರಗಳಲ್ಲಿ ನಾಲ್ಕೇ ಮಂದಿ.

ನನ್ನ ಮೊಮ್ಮಗನಿಗೆ ಎರಡು ವರ್ಷ ಎಂಟು ತಿಂಗಳು. ಅಮ್ಮ, ಅಪ್ಪ, ತಾತ, ಬೌ ಬೌ, ಹೀಗೆ ಹತ್ತು ಹನ್ನೆರಡು ಮಾತು ಬಿಟ್ಟರೆ ಇನ್ನೇನೂ ಇಲ್ಲ. ಬೇಕಾದದ್ದನ್ನು ಕೈ ಹಿಡಿದು ಎಳೆದುಕೊಂಡು ಹೋಗಿ ತೋರಿಸುತ್ತಾನೆ. ಅವರಪ್ಪನೂ ಮಾತು ಕಲಿತದ್ದು ನಾಲ್ಕು ವರ್ಷಕ್ಕೆ. ಕಿವಿ ಚೆನ್ನಾಗಿದೆ, ತಟ್ಟೆ ಬಡಿದರೆ ಥಟ್ಟನೆ ತಿರುಗುತ್ತಾನೆ. ಡಾಕ್ಟರಿಗೆ ತೋರಿಸೋಣ ಎಂದು ಸೊಸೆ ಹಟ ಹಿಡಿದಿದ್ದಾಳೆ. ಇನ್ನೊಂದು ವರ್ಷ ಕಾಯಬಹುದಲ್ಲವೇ?
ಒಬ್ಬ ಅಜ್ಜಿ, ತಿಪಟೂರು ತಾಲ್ಲೂಕು

ಅಮ್ಮಾ, ಅತ್ತೆ ಸೊಸೆಯರ ವ್ಯಾಜ್ಯಕ್ಕೆ ನಾನು ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಈ ಒಂದು ವಿಷಯದಲ್ಲಿ ಮಾತ್ರ ಸೊಸೆಯ ಮಾತು ಕೇಳಿ, ಈ ತಿಂಗಳೇ ಹೊರಡಿ.

ಮೊದಲು ತಟ್ಟೆಯ ವಿಚಾರ. ಸ್ಟೀಲ್ ತಟ್ಟೆಯ ಸದ್ದು ಎಷ್ಟು ಜೋರೆಂದರೆ ಅರೆಬರೆ ಕೇಳಿಸುವ ಮಗುವೂ ಅದಕ್ಕೆ ತಿರುಗುತ್ತದೆ. ಮಾತು ತಟ್ಟೆಯಂತಲ್ಲ. ಅದರಲ್ಲಿ ‘ಆ’, ‘ಓ’ಗಳು ಗಟ್ಟಿ, ‘ಸ’, ‘ಶ’, ‘ತ’ಗಳು ಬಹಳ ಮೆಲು, ಬಹಳ ಕೀರಲು. ನಮ್ಮಲ್ಲಿಗೆ ಮೂರು ವರ್ಷದ ಹುಡುಗಿಯೊಬ್ಬಳನ್ನು ಕರೆತಂದಿದ್ದರು. ಅಪ್ಪನ ಬೈಕು ಬೀದಿ ತಿರುಗುವ ಮೊದಲೇ ಬಾಗಿಲಿಗೆ ಓಡುತ್ತಿದ್ದಳು, ಆದ್ದರಿಂದ ಕಿವಿಯ ಮೇಲೆ ಯಾರಿಗೂ ಅನುಮಾನವಿರಲಿಲ್ಲ. ಸೀಬೆ ಹಣ್ಣು ತೋರಿಸಿದರೆ ‘ಈಏ’ ಎನ್ನುತ್ತಿದ್ದಳು. ಅವಳ ಬಾಯಿಗೆ ಏನೂ ಆಗಿರಲಿಲ್ಲ, ಕೇಳಿಸಿದ್ದನ್ನು ಕೇಳಿಸಿದಂತೆಯೇ ಹೇಳುತ್ತಿದ್ದಳು. ಕಿವಿಗೆ ಮೆಷಿನ್ ಹಾಕಿ ನಾಲ್ಕು ತಿಂಗಳು ಕಳೆದ ಮೇಲೆ ಒಂದು ದಿನ ‘ಸ್ಸ್ಸ್ಸೀಬೆ’ ಎಂದಳು. ಆ ‘ಸ’ ಕುಕ್ಕರಿನ ಸೀಟಿಯಷ್ಟು ಉದ್ದವಿತ್ತು. ಅವಳಮ್ಮ ಬ್ಯಾಗಿನಲ್ಲಿದ್ದ ಹಣ್ಣನ್ನೆಲ್ಲ ಅವಳ ಮಡಿಲಿಗೆ ಸುರಿದರು.

ನಿಮ್ಮ ಮೊಮ್ಮಗನಿಗೂ ಹೀಗೆಯೇ ಆಗಿದೆ ಎನ್ನುತ್ತಿಲ್ಲ. ಪದೇ ಪದೇ ನೆಗಡಿಯಾಗುವ ಮಕ್ಕಳಲ್ಲಿ ಕಿವಿ ತಮಟೆಯ ಹಿಂದೆ ನೀರು ನಿಂತು, ನೀರೊಳಗೆ ಮುಳುಗಿದವರಿಗೆ ಕೇಳಿಸುವ ಹಾಗೆ ಮಾತು ಮಸುಕಾಗುವುದೂ ಉಂಟು. ಕಿವಿ ಪೂರ್ತಿ ಸರಿಯಿದ್ದು ಮಾತಷ್ಟೇ ತಡವಾಗಿರುವುದೂ ಉಂಟು. ಯಾವುದೆಂದು ಊಹಿಸುತ್ತಾ ಕೂರುವ ಬದಲು ಪರೀಕ್ಷೆ ಮಾಡಿಸಿದರೆ ಆಯಿತು. ಒಎಇ, ಬೆರಾ ಎಂಬ ಪರೀಕ್ಷೆಗಳಿವೆ. ಮಗು ಕೈ ಎತ್ತಬೇಕಿಲ್ಲ, ಬಾಯಿ ಬಿಡಬೇಕಿಲ್ಲ, ನಿದ್ದೆ ಮಾಡಿದರೆ ಸಾಕು.

ಇನ್ನು ಅವರಪ್ಪನ ಕಥೆ. ತಡವಾಗಿ ಮಾತು ಕಲಿತು ಆಮೇಲೆ ಎಲ್ಲರನ್ನೂ ಮೀರಿಸಿದ ಮಕ್ಕಳು ಬೇಕಾದಷ್ಟಿದ್ದಾರೆ. ಮೀರಿಸದೆ ಹಿಂದೆ ಉಳಿದವರೂ ಇದ್ದಾರೆ, ಅವರ ಕಥೆಯನ್ನು ಮದುವೆ ಮನೆಯಲ್ಲಿ ಯಾರೂ ಹೇಳುವುದಿಲ್ಲ, ಅಷ್ಟೇ. ಮಾತಿನ ತಡ ರಕ್ತದಲ್ಲಿ ಬರುತ್ತದೆ. ಆದ್ದರಿಂದ ಅಪ್ಪನಿಗೆ ತಡವಾಗಿದ್ದರೆ ಬೇಗ ತೋರಿಸಲು ಅದೂ ಒಂದು ಕಾರಣ. ವರ್ಷ ತುಂಬುವಾಗ ಒಂದೆರಡು ಪದ, ಎರಡು ತುಂಬುವಾಗ ಐವತ್ತರ ಆಸುಪಾಸು ಪದ, ‘ಹಾಲು ಬೇಕು’, ‘ಅಪ್ಪ ಬಂದ’ ಎಂದು ಎರಡೆರಡು ಪದ ಜೋಡಿಸುವುದು, ಇದು ಒರಟು ಲೆಕ್ಕ. ನಿಮ್ಮ ಮೊಮ್ಮಗ ಇದರಿಂದ ಸಾಕಷ್ಟು ಹಿಂದಿದ್ದಾನೆ. ಕರೆದರೆ ಮುಖ ನೋಡುತ್ತಾನೆಯೇ, ಕಾಗೆ ಕಂಡರೆ ನಿಮಗೂ ತೋರಿಸಲು ಬೆರಳು ಚಾಚುತ್ತಾನೆಯೇ, ಸನ್ನೆ ಮಾಡದೆ ‘ಚಪ್ಪಲಿ ತಾ’ ಎಂದರೆ ತರುತ್ತಾನೆಯೇ, ಇವನ್ನು ಎರಡು ದಿನ ಗಮನಿಸಿ ಚೀಟಿಯಲ್ಲಿ ಬರೆದುಕೊಂಡು ಹೋಗಿ. ನೋಡುವವರು ಮೊದಲು ಕೇಳುವುದು ಇದನ್ನೇ. ಆಡುತ್ತಿದ್ದ ಮಾತು ಯಾವ ವಯಸ್ಸಿನಲ್ಲೇ ನಿಂತುಹೋಗಲಿ, ಒಂದು ದಿನವೂ ಕಾಯಬಾರದು.

ಎಲ್ಲಿಗೆ ಹೋಗುವುದು? ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೇ ಕೆಲಸ ಮಾಡುತ್ತಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಮಾತು ಮತ್ತು ಶ್ರವಣದ ವಿಭಾಗವಿದೆ. ಅಷ್ಟು ದೂರ ಆಗದಿದ್ದರೆ ನಿಮ್ಮ ಅಂಗನವಾಡಿಗೇ ವರ್ಷಕ್ಕೆ ಎರಡು ಬಾರಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬರಬೇಕು. 2013ರಲ್ಲಿ ಶುರುವಾದ ಯೋಜನೆ ಇದು. ಆ ವೈದ್ಯರಿಗೆ ತೋರಿಸಿ, ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೋಡಿಕೊಳ್ಳುವ ಜಿಲ್ಲೆಯ ಡಿಇಐಸಿ ಕೇಂದ್ರಕ್ಕೆ ಚೀಟಿ ಬರೆಸಿಕೊಳ್ಳಿ.

ಅಲ್ಲಿಯವರೆಗೆ ಸುಮ್ಮನೆ ಕೂರಬೇಕಿಲ್ಲ. ಈಗ ಅವರೆಕಾಯಿ ಕಾಲ, ಹಿತುಕಿದ ಬೇಳೆಗೆ ಹೇಗೂ ಕೂರುತ್ತೀರಿ. ಮಗುವನ್ನು ಪಕ್ಕದಲ್ಲಿ ಬೇಡ, ಎದುರಿಗೆ ಕೂರಿಸಿಕೊಳ್ಳಿ, ನಿಮ್ಮ ಮುಖ ಅವನಿಗೆ ಕಾಣಲಿ. ‘ಇದೇನು ಹೇಳು, ಅದೇನು ಹೇಳು’ ಎಂದು ಪರೀಕ್ಷೆ ಮಾಡಬೇಡಿ. ನೆನೆದ ಕಾಳು ಹಿಡಿದು ‘ಹಿತುಕು… ಪುಳಕ್!’ ಎನ್ನಿ. ಇನ್ನೊಂದು. ‘ಹಿತುಕು… ಪುಳಕ್!’ ಐದಾರು ಸಲ ಆದ ಮೇಲೆ ‘ಹಿತುಕು…’ ಎಂದು ಬಾಯಿ ಮುಚ್ಚಿ, ಮನಸ್ಸಿನಲ್ಲಿ ಹತ್ತು ಎಣಿಸಿ. ಈ ಹತ್ತು ಎಣಿಸುವುದೇ ಕಷ್ಟ. ನಮ್ಮ ಮನೆಗಳಲ್ಲಿ ಮೂರಕ್ಕೇ ಯಾರಾದರೂ ಬಾಯಿ ತೆರೆಯುತ್ತಾರೆ. ಅವನು ‘ಪು’ ಎಂದರೂ ಸಾಕು, ‘ಪುಳಕ್! ಕಾಳು ಬಂತು’ ಎಂದು ಅವನ ಮಾತಿಗೆ ಒಂದು ಪದ ಸೇರಿಸಿ ಹಿಂದಿರುಗಿಸಿ. ಹಾಲಿಗೆ ಕೈ ಹಿಡಿದು ಎಳೆದರೆ ‘ಹಾಲು ಎನ್ನು, ಆಗ ಕೊಡುತ್ತೇನೆ’ ಎಂದು ಸತಾಯಿಸಬೇಡಿ, ‘ಹಾಲು. ಹಾಲು ಬೇಕು’ ಎಂದು ಅವನ ಪರವಾಗಿ ನೀವೇ ಹೇಳಿ ಲೋಟ ಕೊಡಿ. ಹಾಂ, ಕಾಳು ಬಾಯಿಗೆ, ಮೂಗಿಗೆ ಹೋಗದಂತೆ ನೋಡಿಕೊಳ್ಳಿ. ಅದಕ್ಕೆ ಬೇರೆ ವೈದ್ಯರಿದ್ದಾರೆ, ಅವರ ಹತ್ತಿರ ಓಡಬೇಕಾಗುತ್ತದೆ.

ಮತ್ತೆ, ಊಟದ ಹೊತ್ತಿಗೆ ಕೊಡುತ್ತಿರುವ ಮೊಬೈಲ್. ನೀವು ಬರೆದಿಲ್ಲ, ಆದರೆ ಕೊಡುತ್ತಿದ್ದೀರಿ ಎಂದು ನನಗೆ ಗೊತ್ತು. ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ ಎಂದು ಮಕ್ಕಳ ವೈದ್ಯರ ಸಂಘವೇ ಹೇಳಿದೆ. ಮೊಬೈಲ್ ಹತ್ತು ಎಣಿಸಿ ಕಾಯುವುದಿಲ್ಲ, ಉತ್ತರವನ್ನೂ ಕೊಡುವುದಿಲ್ಲ.

ನಾನು ಸರ್ಕಾರಿ ಶಾಲೆಯ ಶಿಕ್ಷಕ. ಒಂದನೆಯ ತರಗತಿಯ ಅರ್ಧ ಮಕ್ಕಳು ‘ಹಾಲು’ ಎನ್ನಲು ‘ಆಲು’ ಎನ್ನುತ್ತಾರೆ, ‘ಶಾಲೆ’ಗೆ ‘ಸಾಲೆ’. ಒಬ್ಬ ಹುಡುಗ ‘ಕಾಗೆ’ಗೆ ‘ತಾಗೆ’, ‘ಗಾಡಿ’ಗೆ ‘ದಾಡಿ’ ಎನ್ನುತ್ತಾನೆ. ಇವರಿಗೆಲ್ಲ ಚಿಕಿತ್ಸೆ ಬೇಕೇ?
ಚಾಮರಾಜನಗರ ಜಿಲ್ಲೆ

ಮೇಷ್ಟ್ರೇ, ಅರ್ಧ ತರಗತಿ ಬಿಡಿ. ಆ ಒಬ್ಬ ಹುಡುಗನನ್ನು ಹಿಡಿದುಕೊಳ್ಳಿ.

ಮನೆಯಲ್ಲಿ ಅವ್ವ ‘ಆಲು’ ಎಂದರೆ ಮಗನೂ ‘ಆಲು’ ಎನ್ನಬೇಕು; ಎನ್ನದಿದ್ದರೆ ಅವನ ಕಿವಿಯನ್ನೇ ಅನುಮಾನಿಸಬೇಕಾಗುತ್ತದೆ. ಅದು ಆ ಸೀಮೆಯ ಕನ್ನಡ, ರೋಗವಲ್ಲ. ಬರೆಯುವಾಗ ‘ಹ’ ಬರೆಯಲು ಕಲಿಸಿ, ‘ಅಕ್ಕಿ’ ಬೇರೆ ‘ಹಕ್ಕಿ’ ಬೇರೆ ಎಂದು ಚಿತ್ರ ಬರೆದು ತೋರಿಸಿ. ಆಡುವ ಮಾತನ್ನು ತರಗತಿಯ ಮುಂದೆ ತಿದ್ದಿ ನಗೆಪಾಟಲು ಮಾಡಬೇಡಿ. ನನಗೆ ಕನ್ನಡ ಕಲಿಸಿದ ಒಬ್ಬರು ಹಾಗೆ ಮಾಡುತ್ತಿದ್ದರು, ನನ್ನ ಪಕ್ಕ ಕೂರುತ್ತಿದ್ದ ಹುಡುಗಿ ಏಳನೆಯ ತರಗತಿಯವರೆಗೂ ಬಾಯಿ ಬಿಡಲಿಲ್ಲ.

‘ತಾಗೆ’ಯ ಹುಡುಗನ ವಿಷಯ ಬೇರೆ. ಅವನ ಊರಿನಲ್ಲಿ ಯಾರೂ ಕಾಗೆಗೆ ‘ತಾಗೆ’ ಎನ್ನುವುದಿಲ್ಲ. ನಾಲಿಗೆಯ ಹಿಂಭಾಗ ಏಳಬೇಕಾದ ಕಡೆ ತುದಿ ಏಳುತ್ತಿದೆ. ಎರಡು ಮೂರು ವರ್ಷದಲ್ಲಿ ಇದು ಮುದ್ದು, ನಾಲ್ಕರ ಹೊತ್ತಿಗೆ ಹೋಗಿರಬೇಕು. ಆರಾದರೂ ಉಳಿದಿದ್ದರೆ ವಾಕ್ ತಜ್ಞರಿಗೆ ತೋರಿಸಬೇಕು, ಸಾಮಾನ್ಯವಾಗಿ ಚೆನ್ನಾಗಿ ಸರಿಹೋಗುತ್ತದೆ. ಇಲ್ಲದಿದ್ದರೆ ಆಡಿದ ಹಾಗೆಯೇ ಬರೆಯಲು ಹೊರಟು ಕಾಗುಣಿತದಲ್ಲಿ ಒದ್ದಾಡುವ ಅಪಾಯವಿದೆ. ‘ರ’, ‘ಳ’, ‘ಷ’ ತಡವಾಗಿ ಬರುವ ಅಕ್ಷರಗಳು, ಅವುಗಳಿಗೆ ಇನ್ನಷ್ಟು ಸಮಯ ಕೊಡಬಹುದು.

ನಾಲ್ಕು ವರ್ಷದ ಮಗಳು ಐದು ತಿಂಗಳಿಂದ ‘ಅ-ಅ-ಅ-ಅಪ್ಪ’ ಎಂದು ಉಗ್ಗುತ್ತಿದ್ದಾಳೆ. ‘ನಿಧಾನವಾಗಿ ಹೇಳು’ ಎಂದು ಎಷ್ಟು ಹೇಳಿದರೂ ಕೇಳುವುದಿಲ್ಲ. ಪಕ್ಕದ ಮನೆಯ ಹುಡುಗ ಉಗ್ಗುತ್ತಾನೆ, ಅವನನ್ನು ನೋಡಿ ಕಲಿತಿದ್ದಾಳೆ. ಅವನ ಜೊತೆ ಆಟ ಬಿಡಿಸಿದ್ದೇವೆ.
ಒಬ್ಬ ತಂದೆ, ದಾವಣಗೆರೆ

ನಾಳೆಯೇ ಅವರಿಬ್ಬರನ್ನೂ ಆಟಕ್ಕೆ ಬಿಡಿ. ಉಗ್ಗು ನೋಡಿ ಕಲಿಯುವ ವಿದ್ಯೆಯಲ್ಲ, ಅಂಟುರೋಗವೂ ಅಲ್ಲ. ಬೆದರಿದ್ದರಿಂದ ಬಂತು, ಬೈದದ್ದರಿಂದ ಬಂತು ಎಂಬುದೂ ಸರಿಯಲ್ಲ, ಆದ್ದರಿಂದ ಹೆಂಡತಿಯನ್ನೂ ದೂರಬೇಡಿ. ಮಾತನ್ನು ಜೋಡಿಸಿ ಹೊರಗೆ ಕಳುಹಿಸುವ ಮಿದುಳಿನ ಕೆಲಸದಲ್ಲಿ ಆಗುವ ಸಣ್ಣ ತೊಡಕು ಅದು, ಬಹಳ ಮನೆಗಳಲ್ಲಿ ವಂಶದಲ್ಲಿ ಬರುತ್ತದೆ. ಹೆಚ್ಚಾಗಿ ಎರಡರಿಂದ ನಾಲ್ಕು ವರ್ಷದ ನಡುವೆ, ಮಗು ಉದ್ದುದ್ದ ವಾಕ್ಯ ಕಟ್ಟಲು ಹೊರಟಾಗ ಶುರುವಾಗುತ್ತದೆ. ಹೀಗೆ ಶುರುವಾದವರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಮೂವರಿಗೆ ಹೋಗಿಬಿಡುತ್ತದೆ, ಹೆಣ್ಣುಮಕ್ಕಳಲ್ಲಿ ಹೋಗುವುದು ಇನ್ನೂ ಹೆಚ್ಚು.

ಹಾಗೆಂದು ಕೈಕಟ್ಟಿ ಕೂರಬೇಡಿ. ಮನೆಯಲ್ಲಿ ದೊಡ್ಡವರಾದ ಮೇಲೂ ಉಗ್ಗುವವರು ಇದ್ದಾರೆಯೇ? ಮಾತು ಸಿಕ್ಕಿಕೊಂಡಾಗ ಕಣ್ಣು ಮುಚ್ಚುವುದು, ಕಾಲು ಬಡಿಯುವುದು, ದನಿಯೇ ಹೊರಡದೆ ಬಾಯಿ ತೆರೆದು ನಿಲ್ಲುವುದು ಇದೆಯೇ? ‘ನನಗೆ ಹೇಳಲು ಬರುವುದಿಲ್ಲ’ ಎಂದು ಮಾತು ಬಿಡುತ್ತಿದ್ದಾಳೆಯೇ? ಇವುಗಳಲ್ಲಿ ಒಂದಕ್ಕೆ ಹೌದು ಎಂದರೂ ಈಗಲೇ ತೋರಿಸಿ. ಯಾವುದೂ ಇಲ್ಲದಿದ್ದರೂ ಇನ್ನೊಂದು ತಿಂಗಳಲ್ಲಿ ಕಡಿಮೆಯಾಗದಿದ್ದರೆ ತೋರಿಸಿ.

‘ನಿಧಾನವಾಗಿ ಹೇಳು’ ಎನ್ನುವುದನ್ನು ನಿಲ್ಲಿಸಿ. ನೀವೇ ನಿಧಾನವಾಗಿ ಮಾತನಾಡಿ. ಅವಳ ಪದವನ್ನು ನೀವು ಮುಗಿಸಿ ಕೊಡಬೇಡಿ. ದಿನಕ್ಕೆ ಹತ್ತು ನಿಮಿಷ, ಟಿವಿ ಆರಿಸಿ, ಅಣ್ಣ ತಮ್ಮಂದಿರು ನಡುವೆ ಬಾಯಿ ಹಾಕದಂತೆ, ಅವಳೊಬ್ಬಳೇ ನಿಮ್ಮ ಜೊತೆ ಇರಲಿ. ಅವಳು ‘ಅ-ಅ-ಅ-ಅಪ್ಪ, ಬೆ-ಬೆಕ್ಕು ಮರಿ ಹಾಕಿದೆ’ ಎಂದರೆ ನೀವು ಕೇಳಬೇಕಾದದ್ದು ಎಷ್ಟು ಮರಿ ಎಂದು.

ಮಗಳಿಗೆ ಮಾತು ಸ್ಪಷ್ಟವಿಲ್ಲ. ನಾಲಿಗೆ ಕೆಳಗಿನ ಪೊರೆ ಕತ್ತರಿಸಿದರೆ ಸರಿಹೋಗುತ್ತದೆಯೇ?
ಕುಂದಾಪುರ

ಪೊರೆಯಿಂದ ಮಾತು ತಡವಾಗುವುದಿಲ್ಲ. ಕೆಲವು ಹಸುಗೂಸುಗಳಿಗೆ ಎದೆಹಾಲು ಕುಡಿಯಲು ಅದು ತೊಡಕಾಗುತ್ತದೆ, ಆ ವಿಷಯ ಬೇರೆ. ಮೊದಲು ಕಿವಿ, ಆಮೇಲೆ ವಾಕ್ ತಜ್ಞರು. ಕತ್ತರಿಯ ಮಾತು ಬಂದರೆ ಅದು ಕೊನೆಗೆ.

ನಾವು ಧಾರವಾಡದವರು, ಪುಣೆಯಲ್ಲಿದ್ದೇವೆ. ಮೂರೂವರೆ ವರ್ಷದ ಮಗ ಕನ್ನಡದಲ್ಲಿ ಪಟಪಟ ಮಾತನಾಡುತ್ತಾನೆ, ‘ಅವ್ವಾ, ಪಾಣಿ ಬೇಕು’ ಎಂದು ಮರಾಠಿ ಬೆರೆಸುತ್ತಾನೆ. ಶಿಶುವಿಹಾರಕ್ಕೆ ಸೇರಿಸಿ ಎರಡು ತಿಂಗಳಾಯಿತು, ಅಲ್ಲಿ ತುಟಿ ಬಿಚ್ಚುವುದಿಲ್ಲ. ಮನೆಯಲ್ಲಿ ಇಂಗ್ಲಿಷ್ ಮಾತ್ರ ಮಾತನಾಡಿ ಎಂದಿದ್ದಾರೆ.
ಒಬ್ಬ ತಾಯಿ

ಆ ಸಲಹೆಯನ್ನು ಅಲ್ಲೇ ಬಿಟ್ಟು ಬನ್ನಿ. ಎರಡು ಮೂರು ಭಾಷೆ ಕಿವಿಗೆ ಬಿದ್ದರೆ ಮಕ್ಕಳಿಗೆ ಮಾತಿನ ತೊಂದರೆ ಬರುವುದಿಲ್ಲ. ಬರುವಂತಿದ್ದರೆ ನಿಮ್ಮ ಧಾರವಾಡದ ಮಾರುಕಟ್ಟೆಯಲ್ಲಿ ಯಾರಿಗೂ ಬಾಯಿಯೇ ಬರಬಾರದಿತ್ತು. ‘ಪಾಣಿ ಬೇಕು’ ಗೊಂದಲವಲ್ಲ, ಕೈಗೆ ಸಿಕ್ಕ ಪದವನ್ನು ಕನ್ನಡದ ವಾಕ್ಯದಲ್ಲಿ ಸರಿಯಾದ ಜಾಗಕ್ಕೆ ಕೂರಿಸುವ ಜಾಣತನ. ನಿಜವಾದ ಭಾಷಾ ತೊಂದರೆ ಇದ್ದರೆ ಎಲ್ಲ ಭಾಷೆಯಲ್ಲೂ ಕಾಣಿಸುತ್ತದೆ, ನಿಮ್ಮ ಮಗನ ಕನ್ನಡ ಚೆನ್ನಾಗಿದೆಯಲ್ಲ. ಹೊಸ ಭಾಷೆಯ ನಡುವೆ ಬಿದ್ದ ಮಗು ಕೆಲವು ತಿಂಗಳು ಸುಮ್ಮನಿದ್ದು ಕೇಳಿಸಿಕೊಳ್ಳುವುದು ಸಹಜ. ತಿಂಗಳುಗಳು ಉರುಳಿದರೂ ಅಲ್ಲಿ ಯಾರೊಡನೆಯೂ ಪಿಸುಮಾತೂ ಇಲ್ಲದಿದ್ದರೆ ಆಗ ತೋರಿಸಿ. ಅವನ ಪದಗಳನ್ನು ಯಾರಾದರೂ ಎಣಿಸಿದರೆ ಕನ್ನಡ, ಮರಾಠಿ, ಇಂಗ್ಲಿಷ್ ಮೂರನ್ನೂ ಕೂಡಿಸಿ ಎಣಿಸಲು ಹೇಳಿ. ಮನೆಯಲ್ಲಿ ಅವ್ವ ಯಾವ ಭಾಷೆಯಲ್ಲಿ ನಗುತ್ತಾಳೋ, ಬೈಯುತ್ತಾಳೋ ಅದೇ ಇರಲಿ.

ಒಂಬತ್ತು ವರ್ಷದ ಮಗ. ಕಿವಿ ಪರೀಕ್ಷೆ ಸರಿಯಿದೆ. ಮಿಕ್ಸಿ ಬಿಚ್ಚಿ ಜೋಡಿಸುತ್ತಾನೆ, ಆದರೆ ಶಾಲೆಯಲ್ಲಿ ಏನಾಯಿತೆಂದು ಕೇಳಿದರೆ ಹೇಳಲು ಬರುವುದಿಲ್ಲ, ‘ಅದು… ಅದೇ… ಹೋಗಿ…’ ಎಂದು ಬಿಟ್ಟುಬಿಡುತ್ತಾನೆ. ಹೇಳಿದ ಕೆಲಸ ಮಾಡುವುದಿಲ್ಲ. ಮಂದ, ಸೋಮಾರಿ ಎಂದು ಶಾಲೆಯವರು ಹೇಳುತ್ತಾರೆ.
ಒಬ್ಬ ತಾಯಿ, ಶಿವಮೊಗ್ಗ

ಈ ತಿಂಗಳ ಪತ್ರಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದು. ಉಗ್ಗು, ತೊದಲು ಎಲ್ಲರ ಕಿವಿಗೂ ಬೀಳುತ್ತದೆ. ನಿಮ್ಮ ಮಗನ ತೊಂದರೆ ಯಾರ ಕಿವಿಗೂ ಬೀಳುವುದಿಲ್ಲ, ಅದಕ್ಕೇ ಸೋಮಾರಿ ಎಂಬ ಹೆಸರು ಬಂದಿದೆ.

ಒಂದು ಸಣ್ಣ ಪರೀಕ್ಷೆ ಮಾಡಿ. ನಾಯಿ, ಬೆಕ್ಕಿನ ಎರಡು ಗೊಂಬೆ ಇಟ್ಟು ‘ನಾಯಿಯನ್ನು ಬೆಕ್ಕು ಅಟ್ಟಿಸಿಕೊಂಡು ಹೋಯಿತು, ಮಾಡಿ ತೋರಿಸು’ ಎನ್ನಿ. ಬೆಕ್ಕನ್ನು ಹಿಂದೆ ಓಡಿಸುತ್ತಾನೋ, ನಾಯಿಯನ್ನೋ? ಕನ್ನಡದಲ್ಲಿ ಯಾರು ಯಾರನ್ನು ಎಂಬ ಗುಟ್ಟೆಲ್ಲ ಆ ಪುಟ್ಟ ‘ಅನ್ನು’ವಿನಲ್ಲಿದೆ. ಕೆಲವು ಮಕ್ಕಳಿಗೆ ಆ ಬಾಲ ಕಿವಿಗೆ ಬಿದ್ದರೂ ಬುದ್ಧಿಗೆ ಇಳಿಯುವುದಿಲ್ಲ. ಅವರು ಮೊದಲು ಬಂದ ಹೆಸರನ್ನು, ಲೋಕದಲ್ಲಿ ಕಂಡದ್ದನ್ನು ಹಿಡಿದು ಊಹೆ ಮಾಡುತ್ತಾರೆ. ಊಹೆ ಬಹಳ ಸಲ ಸರಿಯಾಗುವುದರಿಂದ ಒಂಬತ್ತು ವರ್ಷದವರೆಗೂ ಗುಟ್ಟು ಬಯಲಾಗುವುದಿಲ್ಲ.

ಇಂಥದೇ ಹುಡುಗನೊಬ್ಬ ನನ್ನ ಹತ್ತಿರ ಬರುತ್ತಿದ್ದ. ಅವನ ದೊಡ್ಡಮ್ಮನ ಮನೆಯಲ್ಲಿ ‘ಕೈ ತೊಳೆಯದೆ ಊಟಕ್ಕೆ ಕೂರಬೇಡ’ ಎಂದರಂತೆ. ಹುಡುಗ ಹೊರಗೆ ಜಗಲಿಯ ಮೇಲೆ ಹೋಗಿ ಕುಳಿತ, ಕರೆದರೂ ಒಳಗೆ ಬರಲಿಲ್ಲ. ಮೊಂಡ ಎಂದು ಎಲ್ಲರೂ ಬೈದರು. ಅವನಿಗೆ ದಕ್ಕಿದ್ದು ಕೊನೆಯ ಎರಡು ಪದ ಮಾತ್ರ: ಊಟಕ್ಕೆ ಕೂರಬೇಡ. ಯಾಕೆ ಬೇಡ ಎಂದು ಕೇಳಲೂ ಅವನ ಬಳಿ ಮಾತಿರಲಿಲ್ಲ. ಅವನಮ್ಮ ಇದನ್ನು ಹೇಳುವಾಗ ನಾನು ಪೆನ್ನು ಕೆಳಗಿಟ್ಟೆ.

‘ಮೊದಲು ಕೈ ತೊಳೆ. ಆಮೇಲೆ ಊಟ.’ ಇಷ್ಟು ಸಾಕಿತ್ತು. ನಡೆಯಬೇಕಾದ ಕ್ರಮದಲ್ಲೇ, ತುಂಡು ತುಂಡಾಗಿ, ಎರಡೆರಡು ‘ಅಲ್ಲ, ಬೇಡ’ ಇಲ್ಲದೆ. ಶಾಲೆಯ ಕಥೆ ಕೇಳುವಾಗ ‘ಏನಾಯಿತು’ ಎನ್ನದೆ ಕಾಗದದಲ್ಲಿ ಮೂರು ಚೌಕ ಹಾಕಿ ‘ಬೆಳಿಗ್ಗೆ, ಆಟದ ಬಿಡುವು, ಮನೆಗೆ ಬರುವಾಗ’ ಎಂದು ಕೊಡಿ, ಅವನು ಗೀಚಲಿ, ಗೀಚಿದ್ದಕ್ಕೆ ನೀವು ಪದ ಕೊಡಿ. ಮಿಕ್ಸಿ ಬಿಚ್ಚುವಾಗ ಪಕ್ಕದಲ್ಲಿ ಕುಳಿತು ‘ಸ್ಕ್ರೂವನ್ನು ತೆಗೆದೆ, ಬ್ಲೇಡನ್ನು ಬಿಚ್ಚಿದೆ’ ಎಂದು ಅವನ ಕೆಲಸಕ್ಕೆ ಮಾತು ಹೊಂದಿಸಿ. ಆ ‘ಅನ್ನು’ವನ್ನು ನುಂಗದೆ ಹೇಳಿ.

ಕಿವಿ, ಬುದ್ಧಿ ಸರಿಯಿದ್ದೂ ಭಾಷೆಯೊಂದೇ ಹೀಗೆ ತೊಡರುವುದಕ್ಕೆ ತಜ್ಞರು ಬೆಳವಣಿಗೆಯ ಭಾಷಾ ತೊಂದರೆ ಎನ್ನುತ್ತಾರೆ, ಇಂಗ್ಲಿಷಿನಲ್ಲಿ ಡಿಎಲ್‌ಡಿ. ಇಂಗ್ಲೆಂಡ್, ಅಮೆರಿಕಗಳಲ್ಲಿ ಎಣಿಸಿದಾಗ ನೂರು ಮಕ್ಕಳಲ್ಲಿ ಸುಮಾರು ಏಳು ಮಂದಿಗೆ ಇದು ಕಂಡಿದೆ. ಅಂದರೆ ಒಂದು ತರಗತಿಗೆ ಇಬ್ಬರು. ನಿಮ್ಮ ಮಗನಿಗೆ ಇರುವುದು ಅದೇ ಎಂದು ಪತ್ರ ನೋಡಿ ನಾನು ಹೇಳಲಾಗದು, ಪೂರ್ಣ ಪರೀಕ್ಷೆ ಮಾಡಿಸಿ. ಓದು ಬರಹದಲ್ಲೂ ತೊಡಕಿದ್ದರೆ ಅದನ್ನೂ ಬರೆಸಿಕೊಳ್ಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ ಇಪ್ಪತ್ತೊಂದರಲ್ಲಿ ನಿರ್ದಿಷ್ಟ ಕಲಿಕಾ ತೊಂದರೆಯೂ ಒಂದು. ಮುಂದೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೇಳಲು ಆ ಕಾಗದ ಬೇಕಾಗುತ್ತದೆ.

ನನಗೆ ಹನ್ನೆರಡು ವರ್ಷ. ಉಗ್ಗು ಇದೆ. ಹಾಜರಿ ಕರೆದಾಗ ‘ಪ್ರೆಸೆಂಟ್ ಮಿಸ್’ ಎನ್ನಲು ‘ಪ್ರ’ ಬರುವುದಿಲ್ಲ, ಎಲ್ಲರೂ ತಿರುಗಿ ನೋಡುತ್ತಾರೆ. ಎರಡು ಸಲ ಆಬ್ಸೆಂಟ್ ಬಿದ್ದಿದೆ. ನಾನು ಏನು ಮಾಡಲಿ?

ಮರಿ, ನಿನ್ನ ಅಕ್ಷರ ಎಷ್ಟು ದುಂಡಗಿದೆ! ನಿನ್ನ ಪತ್ರಕ್ಕೇ ಮೊದಲು ಉತ್ತರ ಬರೆದೆ, ಪತ್ರಿಕೆಯವರು ಕೊನೆಗೆ ಹಾಕಿದ್ದಾರೆ.

ನನ್ನ ಅಣ್ಣನೂ ಉಗ್ಗುತ್ತಾನೆ. ನಮ್ಮೂರು ಬಾಣಾವರ. ಅವನು ಅರಸೀಕೆರೆಯಲ್ಲಿ ಕಾಲೇಜು ಮುಗಿಸಿ ಬಸ್ ಹತ್ತಿದರೆ ‘ಬಾಣಾವರ’ ಎನ್ನಲು ‘ಬ’ ಹೊರಡುತ್ತಿರಲಿಲ್ಲ. ಹಿಂದೆ ಜನ, ಕಂಡಕ್ಟರಿಗೆ ಆತುರ. ಅದಕ್ಕೇ ‘ಕಡೂರು’ ಎಂದು ಮುಂದಿನ ಊರಿಗೆ ಟಿಕೆಟ್ ತೆಗೆದು ಬಾಣಾವರದಲ್ಲಿ ಇಳಿದುಬಿಡುತ್ತಿದ್ದ. ಎರಡು ವರ್ಷ ಹೀಗೆ ಹೆಚ್ಚು ದುಡ್ಡು ಕೊಟ್ಟ. ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ‘ಕ’ ಕೂಡ ಸಿಕ್ಕಿಕೊಳ್ಳಲು ಶುರುವಾಯಿತು. ತಪ್ಪಿಸಿಕೊಂಡಷ್ಟೂ ಇದು ಬೆನ್ನು ಹತ್ತುತ್ತದೆ, ಅದನ್ನು ನೀನೂ ಕಂಡಿರಬಹುದು.

ನೀನು ಹೀಗೆ ಮಾಡು. ನಿನ್ನ ಮಿಸ್‌ಗೆ ಒಂದು ಚೀಟಿ ಬರೆ. ಪತ್ರ ಬರೆಯಲು ನಿನಗೆ ಚೆನ್ನಾಗಿ ಬರುತ್ತದೆ. ‘ನನಗೆ ಉಗ್ಗು ಇದೆ, ನನ್ನ ಹೆಸರು ಕರೆದ ಮೇಲೆ ಸ್ವಲ್ಪ ಕಾಯಿರಿ, ತೀರಾ ಆಗದ ದಿನ ಕೈ ಎತ್ತುತ್ತೇನೆ’ ಎಂದು. ಅಪ್ಪನೋ ಅಮ್ಮನೋ ಜೊತೆಗೆ ಬರಲಿ. ಈ ಅಂಕಣವನ್ನೂ ಕತ್ತರಿಸಿ ಅಂಟಿಸಿಕೊಂಡು ಹೋಗು. ಪಕ್ಕದ ಹುಡುಗನಿಗೂ ನೀನೇ ಹೇಳಿಬಿಡು. ಮುಚ್ಚಿಡುವ ಕೆಲಸ ಕಡಿಮೆಯಾದರೆ ‘ಪ್ರ’ದ ಬಿಗಿಯೂ ಸ್ವಲ್ಪ ಸಡಿಲವಾಗುತ್ತದೆ. ನಿನ್ನ ವಯಸ್ಸಿನವರಿಗೆ ಉಗ್ಗನ್ನು ಹಗುರ ಮಾಡಿಕೊಳ್ಳಲು ಕಲಿಸುವವರಿದ್ದಾರೆ, ವಿಳಾಸವನ್ನು ಬೇರೆಯಾಗಿ ಅಂಚೆಯಲ್ಲಿ ಕಳುಹಿಸುತ್ತಿದ್ದೇನೆ. ಪೂರ್ತಿ ಹೋಗಿಬಿಡುತ್ತದೆ ಎಂದು ನಿನಗೆ ಸುಳ್ಳು ಹೇಳುವುದಿಲ್ಲ.

ಅಣ್ಣನಿಗೆ ಈಗ ಅರವತ್ತೆರಡು. ಇಂದಿಗೂ ಉಗ್ಗುತ್ತಾನೆ. ಕಳೆದ ವಾರ ಅವನ ಜೊತೆ ಅರಸೀಕೆರೆಯಲ್ಲಿ ಬಸ್ ಹತ್ತಿದೆ. ‘ಬ-ಬ-ಬಾಣಾವರ, ಎರಡು’ ಎಂದ. ಕಂಡಕ್ಟರ್ ಕಾದು, ಚಿಲ್ಲರೆ ಇದೆಯೇ ಎಂದು ಕೇಳಿದರು.